ಸಸಿತೋಟದ ಶರತ್ಕಾಲ

ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನೊಂದು ವಂಶಾವಳಿಯಂತೆ ಹೇಳುತ್ತಾರೆ. 1760ರ ಸುಮಾರಿಗೆ ಹೈದರಾಲಿ ನಲವತ್ತು ಎಕರೆಯಷ್ಟು ನೆಲದಲ್ಲಿ ತೋಟವನ್ನು ಹಾಕಿಸಿದ್ದು, ಅವನ ಮಗ ಟಿಪ್ಪು ಸುಲ್ತಾನ ದೂರದೇಶಗಳಿಂದ ಬೀಜವನ್ನೂ ಸಸಿಯನ್ನೂ ತರಿಸಿ ಅದನ್ನು ಬೆಳೆಸಿದ್ದು, 1799ರ ತರುವಾಯ ಅದು ಇಂಗ್ಲಿಷರ ಕೈಗೆ ಹೋದದ್ದು, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾದದ್ದು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿಯೂ ಜಾನ್ ಕ್ಯಾಮರಾನ್ 1874ರಲ್ಲಿಯೂ ಬಂದು ಸೇರಿದ್ದು, 1908ರಿಂದ ಜರ್ಮನಿಯ ಕ್ರುಂಬಿಗಲ್, 1932ರಿಂದ ನಮ್ಮವರೇ ಆದ ಎಚ್. ಸಿ. ಜವರಾಯರು, ಸ್ವಾತಂತ್ರ್ಯ ಬಂದ ಮೇಲೆ ಡಾ. ಎಂ. ಎಚ್. ಮರಿಗೌಡರು. ಈ ಹೆಸರುಗಳೆಲ್ಲ ಮಾನ್ಯವಾದವೇ. ಆದರೆ ಹೀಗೆ ಹೇಳಿದ ಚರಿತ್ರೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ಬೀಜ ಬಂದಿತು, ಸರಿ. ಅದನ್ನು ಮಣ್ಣಿಗೆ ಹಾಕಿ, ಮೊಳೆಯಿಸಿ, ಇರುವೆಯಿಂದಲೂ ಬಿರುಮಳೆಯಿಂದಲೂ ಕಾಪಾಡಿ ಗಿಡ ಮಾಡಿದವರು ಯಾರು?

ಲಾಲ್‌ಬಾಗಿನ ಗೋಡೆಗೆ ಹೊಂದಿಕೊಂಡಂತೆ ಸಿದ್ದಾಪುರವೆಂಬ ಹಳೆಯ ಊರಿದೆ. ಈಗ ಅದು ನಗರದ ನಡುವೆ ಸೇರಿಹೋಗಿರುವುದರಿಂದ ಊರೆನ್ನುವುದಕ್ಕಿಂತ ಬಡಾವಣೆಯೆನ್ನುವುದೇ ಸರಿಯೇನೋ. ಗಿಡ ಕೊಳ್ಳುವ ಅಭ್ಯಾಸವುಳ್ಳ ಬೆಂಗಳೂರಿನವರಿಗೆ ಸಿದ್ದಾಪುರವೆಂದರೆ ಸಸಿತೋಟಗಳ ಸಾಲು. ಅವರು ಅದನ್ನು ನರ್ಸರಿ ಎಂದೇ ಕರೆಯುತ್ತಾರೆ. ಆ ತೋಟಗಳ ಚರಿತ್ರೆಯನ್ನು, ಅದರಲ್ಲಿಯೂ ವರ್ಷದ ಒಂದು ಕಾಲದಲ್ಲಿ, ಆಶ್ವಯುಜ ಕಾರ್ತಿಕ ಮಾಸಗಳಲ್ಲಿ, ಅಲ್ಲಿ ನಡೆಯುವ ಬಾಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಶರತ್ಕಾಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಪ್ರಾಚೀನ ಕವಿಗಳಿಗೆ ಋತುವರ್ಣನೆಯೂ ಉದ್ಯಾನವರ್ಣನೆಯೂ ಅಷ್ಟಾದಶ ವರ್ಣನೆಗಳಲ್ಲಿ ಸೇರಿದವು. ಅವರ ಶರತ್ಕಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ, ಕೊಳದ ನೀರು ಕನ್ನಡಿಯಂತಿರುತ್ತದೆ, ಹಂಸಗಳು ಮರಳುತ್ತವೆ. ಬೆಂಗಳೂರಿನ ತೋಟಗಾರನ ಶರತ್ಕಾಲ ಇದಲ್ಲ. ಅವನಿಗೆ ಅದು ಕೆಸರಿನ ಕಾಲ. ಈ ನಗರದಲ್ಲಿ ವರ್ಷದಲ್ಲೆಲ್ಲ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿ. ಅದರ ಹಿಂದೆಯೇ ಅಕ್ಟೋಬರಿನಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಹಿಂಗಾರು ಬರುತ್ತದೆ. ಈ ಎರಡು ತಿಂಗಳಲ್ಲಿಯೇ ವರ್ಷದ ಮಳೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಿದ್ದುಹೋಗುತ್ತದೆ. ತೋಟದವರು ತಿಂಗಳ ಹೆಸರನ್ನು ಹೇಳುವುದಕ್ಕಿಂತ ಮಳೆಯ ಹೆಸರನ್ನು ಹೇಳುವುದೇ ವಾಡಿಕೆಯಾಗಿತ್ತು: ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಸ್ವಾತಿಯ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುವುದೆಂದು ಕಾವ್ಯಗಳು ಹೇಳುತ್ತವಷ್ಟೆ. ಅದೇ ಹನಿ ಬೀಜದ ಬಟ್ಟಲಿನಲ್ಲಿ ಬಿದ್ದರೆ ಏನಾಗುವುದೆಂಬುದು ಮಾಲಿಗೆ ಗೊತ್ತು.

ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವಿದೆ. ಕೊಂಬೆಗೆ ಸಗಣಿ ಮೆತ್ತಿ ನೆಡುವುದು, ಒಂದು ಗಿಡವನ್ನು ಇನ್ನೊಂದರ ಬುಡಕ್ಕೋ ಕಾಂಡಕ್ಕೋ ಕಸಿ ಮಾಡುವುದು, ಇವೆಲ್ಲ ಅಲ್ಲಿ ಬರುತ್ತವೆ. ಯಾವ ಮರವನ್ನು ಯಾವ ಋತುವಿನಲ್ಲಿ ನೆಡಬೇಕೆಂಬುದನ್ನೂ ಆತ ಹೇಳಿದ್ದಾನೆ: ಕೊಂಬೆಯೊಡೆಯದವನ್ನು ಶಿಶಿರದಲ್ಲಿ, ಕೊಂಬೆಯೊಡೆದವನ್ನು ಹೇಮಂತದಲ್ಲಿ, ದಪ್ಪ ಕಾಂಡದವನ್ನು ವರ್ಷಾಕಾಲದಲ್ಲಿ. ಈ ಮಾತಿನಲ್ಲಿ ಶರತ್ತಿನ ಹೆಸರಿಲ್ಲ. ಕನ್ನಡದಲ್ಲಿಯೂ 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ ಸೇರಿದೆ. ನಮ್ಮ ನಾಡಿನವರಿಗೆ ಈ ವಿದ್ಯೆ ಹೊಸದಲ್ಲ. ಆದರೆ ಇಂದು ನಾವು ಕಾಣುವ ಶರತ್ಕಾಲದ ಗಡಿಬಿಡಿ, ಸಾವಿರಾರು ಬಟ್ಟಲುಗಳಲ್ಲಿ ಹೂವಿನ ಬೀಜ ಬಿತ್ತಿ ಜನವರಿಗೆ ಅರಳಿಸುವ ಕ್ರಮ, ಇದು ಅಷ್ಟು ಹಳೆಯದಲ್ಲವೆಂದೇ ನನಗೆ ತೋರುತ್ತದೆ. ಹಳೆಯ ಕೈಗಳಿಗೆ ಹೊಸ ಋತುವೊಂದು ಬಂದು ಸೇರಿಕೊಂಡಿತು.

ಆ ಹಳೆಯ ಕೈಗಳ ಮಾತನ್ನು ಮೊದಲು ಹೇಳಬೇಕು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಹೈದರ್ ಟಿಪ್ಪುಗಳ ತೋಟಗಳನ್ನು ನೋಡಿ ಬರೆದಿದ್ದಾನೆ. ಚೌಕ ಚೌಕವಾದ ಮಡಿಗಳು, ನಡುವೆ ಓಡಾಡುವ ದಾರಿಗಳು, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಇಂಥ ತೋಟಕ್ಕೆ ನೀರು ಆಕಾಶದಿಂದ ಮಾತ್ರ ಬಂದರೆ ಸಾಲದು. ಏತದಿಂದಲೋ ಕಪಿಲೆಯಿಂದಲೋ ಎತ್ತಿ, ಕಾಲುವೆಯಲ್ಲಿ ಹರಿಸಿ, ಮಡಿಯಿಂದ ಮಡಿಗೆ ತಿರುಗಿಸಬೇಕು. ಆ ಕೆಲಸ ಬಲ್ಲವರು ಬೆಂಗಳೂರಿನ ಸುತ್ತ ಇದ್ದರು. ವಹ್ನಿಕುಲ ಕ್ಷತ್ರಿಯರೆಂದು ಹೇಳಿಕೊಳ್ಳುವ ತಿಗಳ ಜನಾಂಗದವರು ಊರಿನ ಕೆರೆಗಳ ಕೆಳಗೆ ಹೂವು, ಹಣ್ಣು, ಸೊಪ್ಪು, ತರಕಾರಿಗಳನ್ನು ಬೆಳೆಯುವುದರಲ್ಲಿ ನಿಸ್ಸೀಮರು. ಚೈತ್ರದ ಹುಣ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಡುವ ಮಲ್ಲಿಗೆಯ ಕರಗವನ್ನು ಕಂಡವರಿಗೆ ಈ ಜನಾಂಗಕ್ಕೂ ನೀರಿಗೂ ಹೂವಿಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದಲ್ಲಿ ಕೆರೆಯ ಕೆಳಗಿನ ತೋಟವೂ ಹೋಯಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಸಿದ್ದಾಪುರದ ಸಸಿತೋಟಗಳಲ್ಲಿ ಬಹುಪಾಲು ಈ ಜನಾಂಗದ ಮನೆತನಗಳವೇ. ಲಾಲ್‌ಬಾಗಿನ ಒಳಗೆ ಕೂಲಿಗೆ ದುಡಿಯುವುದು, ಅಲ್ಲಿ ಕಲಿತದ್ದನ್ನು ಗೋಡೆಯಾಚೆ ತಮ್ಮ ಮಡಿಯಲ್ಲಿ ನಡೆಸುವುದು, ತಮಗೆ ತಲೆಮಾರಿನಿಂದ ಬಂದದ್ದನ್ನು ಒಳಗೆ ಒಯ್ಯುವುದು. ವಿದ್ಯೆ ಎರಡು ದಿಕ್ಕಿನಲ್ಲಿಯೂ ಹರಿಯಿತೆಂದು ಭಾವಿಸುವುದೇ ನ್ಯಾಯ. ಮೇಲ್ವಿಚಾರಕರ ಹೆಸರುಗಳು ಇಸವಿಗಳೊಡನೆ ಸಾಲಾಗಿ ದೊರೆಯುತ್ತವೆ. ಈ ಕೆಲಸಗಾರರ ಹೆಸರುಗಳು ಹಾಗೆ ದೊರೆಯುವುದಿಲ್ಲ. ಆದರೆ ಅವರು ಬಿಟ್ಟುಹೋದ ಒಂದು ದಾಖಲೆ ನಮ್ಮ ನಾಲಗೆಯ ಮೇಲೆಯೇ ಇದೆ, ಅದು ಗಿಡಗಳ ಹೆಸರು. ಲ್ಯಾಟಿನ್ನಿನ ಉದ್ದುದ್ದ ನಾಮಧೇಯಗಳನ್ನು ಹೊತ್ತುಬಂದ ಪರದೇಶಿ ಗಿಡಗಳಿಗೆ ಇಲ್ಲಿಯ ಜನ ತಮ್ಮ ಕಣ್ಣಿಗೆ ಕಂಡಂತೆ ಹೆಸರಿಟ್ಟರು. ಬೋಗನ್‌ವಿಲಿಯ ಕಾಗದದ ಹೂವಾಯಿತು, ಸೆಲೋಸಿಯ ಕೋಳಿಜುಟ್ಟಾಯಿತು, ವರ್ಷವಿಡೀ ಬಿಡುವ ವಿಂಕ ನಿತ್ಯಪುಷ್ಪವಾಯಿತು. ಮಲೆನಾಡಿನಲ್ಲಿ ಡೇಲಿಯ ಡೇರೆಯಾಯಿತು. ಕ್ಯಾಮರಾನ್ ತಂದು ಬೆಳೆಸಿದ ಹಸಿರು ಕಾಯಿಯೊಂದು ಸೀಮೆಬದನೆಯಾಯಿತು. ಸೀಮೆಯ ಸುಣ್ಣ, ಸೀಮೆಯ ಎಣ್ಣೆಗಳ ಸಾಲಿನಲ್ಲಿ ಅದೂ ನಿಂತಿತು. ನೆರೆಯ ತಮಿಳರಿಗಾದರೋ ಅದು ಬೆಂಗಳೂರಿನ ಬದನೆ! ಹೆಸರಿಡುವ ಹಕ್ಕು ಯಾರದೆಂದು ಯಾವ ಸಮಿತಿಯೂ ಕೂತು ತೀರ್ಮಾನಿಸಲಿಲ್ಲ.

ಹೊಸ ಋತು ಬಂದದ್ದು ದಂಡಿನ ಮೂಲಕ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳ ಮುಂದೆ ಅವರ ನಾಡಿನ ಹೂಗಳು ಬೇಕಾದವು. ಅವರ ನಾಡಿನಲ್ಲಿ ವಸಂತದಲ್ಲಿ ಬಿತ್ತಿ ಬೇಸಿಗೆಯಲ್ಲಿ ನೋಡುವ ಹೂಗಳು ಇಲ್ಲಿಯ ಬೇಸಿಗೆಯನ್ನು ತಾಳುವುದಿಲ್ಲ. ಇಲ್ಲಿಯ ಮಾಗಿಯ ಚಳಿಯೇ ಅವಕ್ಕೆ ಹಿತ. ಆದ್ದರಿಂದ ಬಿತ್ತನೆ ಮಳೆಗಾಲದ ಕೊನೆಗೆ ಸರಿಯಿತು. ಇದು ಮೊದಲು ಬಂಗಲೆಗಳ ಶೋಕಿಯಾಗಿಯೇ ಉಳಿದಿತ್ತು. ಬಳಿಕ 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಕ್ಕೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದವು. ಪೇಟೆಯ ಮನೆಗೆ ಇರುತ್ತಿದ್ದುದು ಬೀದಿಗೆ ತೆರೆಯುವ ಜಗಲಿ. ಬಡಾವಣೆಯ ಮನೆಗಾದರೋ ಸುತ್ತ ಕಾಂಪೌಂಡು. ಕಾಂಪೌಂಡಿದ್ದ ಮೇಲೆ ಎರಡು ತೆಂಗು, ಒಂದು ಸಂಪಿಗೆ, ಒಂದು ಪಾರಿಜಾತ, ಪೂಜೆಗೆ ದಾಸವಾಳ, ಹಿತ್ತಲಿಗೆ ಕರಿಬೇವು. ಅದರೊಡನೆ ಮುಂಬಾಗಿಲಿನ ಎರಡು ಪಕ್ಕಕ್ಕೂ ಕುಂಡಗಳು. ಸಾವು ತಂದ ರೋಗವೊಂದು ಸಸಿತೋಟಗಳಿಗೆ ಗಿರಾಕಿಗಳನ್ನು ಒದಗಿಸಿತೆಂದು ಹೇಳುವುದು ಕಠೋರವಾಗಿ ಕೇಳಿಸಬಹುದು, ಆದರೂ ನಿಜ. ಗಿಡದ ಮಂಕರಿಯನ್ನು ತಲೆಯ ಮೇಲೆ ಹೊತ್ತು ಆ ಬೀದಿಗಳಲ್ಲಿ ಕೂಗಿಕೊಂಡು ಹೋಗುತ್ತಿದ್ದ ಹೆಂಗಸರನ್ನು ಹಳಬರು ಮರೆತಿರಲಾರರು.

ಇದಕ್ಕೆ ಕಳಶವಿಟ್ಟದ್ದು ಫಲಪುಷ್ಪ ಪ್ರದರ್ಶನ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಮೈಸೂರು ಉದ್ಯಾನಕಲಾ ಸಂಘ ಹುಟ್ಟಿದ್ದು 1912ರಲ್ಲಿ. ಈಗ ಪ್ರದರ್ಶನಗಳು ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ನಡೆಯುತ್ತವೆ. ಜನವರಿ 26ಕ್ಕೆ ಕುಂಡ ತುಂಬ ಹೂವಿರಬೇಕಾದರೆ ಬೀಜ ಯಾವಾಗ ಬೀಳಬೇಕು? ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ ಮಳೆ ಹುಟ್ಟುತ್ತದೆ; ಅಲ್ಲಿಂದ ಎಣಿಸಿದರೆ ಸರಿಯಾಗಿ ನೂರೆಂಟು ದಿನ. ಜಪಮಾಲೆಯ ಮಣಿಗಳಷ್ಟೇ. ಒಂದೊಂದು ಮಣಿಯನ್ನೂ ಎಣಿಸಿಯೇ ಉರುಳಿಸಬೇಕು.

ಪೆಟೂನಿಯದ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಈ ಎಣಿಕೆಯ ಕಷ್ಟ ತಿಳಿದೀತು. ಒಂದು ಗ್ರಾಂ ತೂಕಕ್ಕೆ ಎಂಟು ಹತ್ತು ಸಾವಿರ ಬೀಜ, ನಶ್ಯದ ಪುಡಿಯಂತೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವನ್ನು ಜರಡಿ ಹಿಡಿದು, ಅಗಲವಾದ ಮಣ್ಣಿನ ಬಟ್ಟಲಿಗೆ ತುಂಬಿ, ಬೀಜವನ್ನು ನಯವಾದ ಮರಳಿನೊಡನೆ ಬೆರೆಸಿ ಉದುರಿಸುತ್ತಾರೆ. ಮೇಲೆ ಮಣ್ಣು ಮುಚ್ಚುವುದಿಲ್ಲ, ಈ ಬೀಜಕ್ಕೆ ಬೆಳಕು ಬೇಕು. ಮೇಲಿನಿಂದ ನೀರು ಹುಯ್ಯುವಂತೆಯೂ ಇಲ್ಲ. ಬಟ್ಟಲನ್ನೇ ನೀರಿರುವ ತೊಟ್ಟಿಯಲ್ಲಿ ಕುಳ್ಳಿರಿಸಿದರೆ ತಳದ ತೂತಿನಿಂದ ತೇವ ಮೆಲ್ಲಗೆ ಏರಿ ಮೇಲಿನ ಮಣ್ಣಿನ ಬಣ್ಣ ಬದಲಾಗುತ್ತದೆ, ಆಗ ಎತ್ತಿಬಿಡಬೇಕು. ಇರುವೆ ಹತ್ತದಂತೆ ಸುತ್ತ ಬೂದಿ. ಇಷ್ಟಾದರೂ ಭಯ ತಪ್ಪಿದ್ದಲ್ಲ. ಮೋಡ ಮುಸುಕಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಎಳೆಯ ಸಸಿಗಳ ಬುಡ ಕೊಳೆತು, ರಾತ್ರಿ ನಿಂತಿದ್ದ ಮಡಿ ಬೆಳಗಿಗೆ ಮಲಗಿರುತ್ತದೆ. ಆದ್ದರಿಂದ ಹಸ್ತ ಚಿತ್ತೆಗಳ ನಡುವೆ ಬಟ್ಟಲುಗಳನ್ನು ಮಳೆ ಬಂದಾಗ ಸೂರಿನ ಒಳಕ್ಕೂ ಬಿಸಿಲು ಬಂದಾಗ ಹೊರಕ್ಕೂ ಹೊತ್ತು ಹೊತ್ತು, ಹಸುಳೆಯನ್ನು ಒಳಗೂ ಹೊರಗೂ ಎತ್ತಿಕೊಂಡು ಓಡಾಡುವಂತೆ, ಮನೆಮಂದಿಯೆಲ್ಲ ಓಡಾಡುತ್ತಾರೆ. ಒಂದೇ ಸಲಕ್ಕೆ ಎಲ್ಲವನ್ನೂ ಬಿತ್ತದೆ ವಾರಕ್ಕೊಂದಿಷ್ಟು ಬಿತ್ತುವುದು ಈ ಭಯದಿಂದಲೇ.

ಬೀಜದೆಲೆಗಳ ಮೇಲೆ ನಿಜವಾದ ಎಲೆ ಎರಡು ಮೂಡಿದಾಗ ಸಸಿಗಳನ್ನು ಬಿಡಿಸಿ ದೂರದೂರಕ್ಕೆ ನೆಡಬೇಕು. ಇದು ಹೆಂಗಸರ ಕೆಲಸ. ಒಂದು ಚೂಪಾದ ಕಡ್ಡಿ ಬಿಟ್ಟರೆ ಬೇರೆ ಉಪಕರಣವಿಲ್ಲ. ಎಲೆಯನ್ನು ಹಿಡಿಯಬಹುದೇ ಹೊರತು ಕಾಂಡವನ್ನು ಮುಟ್ಟಬಾರದು. ಎಲೆ ಹೋದರೆ ಇನ್ನೊಂದು ಬಂದೀತು, ಕಾಂಡ ನಲುಗಿದರೆ ಮುಗಿಯಿತು. ಮಾತಾಡುತ್ತಲೇ, ಮಗುವಿಗೆ ಗದರುತ್ತಲೇ, ಒಂದು ಬೆಳಗಿನಲ್ಲಿ ನೂರಾರು ಸಸಿಗಳನ್ನು ಬಿಡಿಸುವ ಆ ಬೆರಳುಗಳನ್ನು ನೋಡಿದಾಗ ವಿದ್ಯೆಯೆಂಬ ಮಾತನ್ನು ನಾವು ಕಾಲೇಜಿನವರು ಎಷ್ಟು ಸಂಕುಚಿತವಾಗಿ ಬಳಸುತ್ತೇವೆ ಎನ್ನಿಸುವುದುಂಟು.

ಸೇವಂತಿಗೆಯದು ಬೇರೆ ದಾರಿ. ಅದಕ್ಕೆ ಬೀಜದ ಗೊಡವೆ ಬೇಡ, ಬುಡದ ಮರಿಗಳೇ ಸಾಕು. ಹಗಲು ಕುಗ್ಗಿ ಇರುಳು ಬೆಳೆದಾಗ ಅದು ತಾನಾಗಿ ಮೊಗ್ಗು ಕಟ್ಟುತ್ತದೆ. ನವರಾತ್ರಿ ದೀಪಾವಳಿಗಳ ಹೊತ್ತಿಗೆ ಬುಟ್ಟಿ ತುಂಬುವುದಕ್ಕೆ ಇದೇ ಕಾರಣ. ಗುಲಾಬಿಗಾದರೋ ಮಳೆ ಹಿಂದೆಗೆದ ಮೇಲೆ ಕತ್ತರಿ ಹಾಕುತ್ತಾರೆ. ಒಳ್ಳೆಯ ಜಾತಿಯ ಕಣ್ಣನ್ನು ಕಾಡುಗುಲಾಬಿಯ ಕಾಂಡದ ತೊಗಟೆಯೊಳಗೆ ಸೇರಿಸಿ ಕಟ್ಟುವ ಕಣ್ಣುಕಸಿ ಇಲ್ಲಿಯವರ ಕೈಯಲ್ಲಿ ನೀರು ಕುಡಿದಷ್ಟು ಸುಲಭ. ಪ್ಲಾಸ್ಟಿಕ್ ಪಟ್ಟಿ ಬರುವ ಮೊದಲು ಕಟ್ಟುತ್ತಿದ್ದುದು ನೆನೆಸಿದ ಬಾಳೆಯ ನಾರಿನಿಂದ. ಆಯುಧಪೂಜೆಯ ದಿನ ಈ ಕಸಿ ಚಾಕು, ಕತ್ತರಿ, ಗುದ್ದಲಿ, ಹಾರೆ, ನೀರು ಹಾಕುವ ಪೂಸುಗಳೆಲ್ಲ ತೊಳೆಸಿಕೊಂಡು, ಅರಿಸಿನ ಕುಂಕುಮವಿಡಿಸಿಕೊಂಡು, ಬೂದುಗುಂಬಳದ ಪಕ್ಕದಲ್ಲಿ ಸಾಲಾಗಿ ಕೂರುತ್ತವೆ. ಅಂದು ಅವನ್ನು ಯಾರೂ ಮುಟ್ಟುವುದಿಲ್ಲ. ಆದರೆ ಬೀಜದ ಬಟ್ಟಲನ್ನು ಒಳಗಿಡುವುದೂ ಹೊರಗಿಡುವುದೂ ಅಂದೂ ತಪ್ಪದು, ಅದಕ್ಕೆ ಆಯುಧ ಬೇಕಿಲ್ಲವಲ್ಲ.

ಸಸಿತೋಟ ಒಂದು ಮನೆತನದ ಸ್ವತ್ತಾದರೂ ಅದು ನಡೆಯುವುದು ಹತ್ತು ಜನರ ನಂಟಿನಿಂದ. ಕುಂಡಕ್ಕೆ ಕುಂಬಾರ ಬೇಕು. ಮಳೆ ನಿಲ್ಲದೆ ಅವನ ಆವಿಗೆ ಉರಿಯದು, ಆವಿಗೆ ಉರಿಯದೆ ಸಸಿಗೆ ನೆಲೆಯಿಲ್ಲ. ಗೊಬ್ಬರಕ್ಕೆ ಹಾಲು ಕರೆಯುವ ಮನೆಗಳು, ಮಣ್ಣಿಗೆ ಕೆರೆಯ ಗೋಡು ತರುವ ಗಾಡಿಯವರು, ಮಂಕರಿಗೆ ಮೇದರು. ಕೊಳ್ಳುವವರಲ್ಲಿಯೂ ಒಬ್ಬೊಬ್ಬರದು ಒಂದೊಂದು ಪಂಚಾಂಗ. ಮಹಾಲಯದ ಪಕ್ಷದಲ್ಲಿ ಹೊಸ ಗಿಡ ನೆಡಲು ಮನಸ್ಸು ಮಾಡದವರು ನವರಾತ್ರಿ ಹುಟ್ಟಿದೊಡನೆ ಬರುತ್ತಾರೆ. ಗೊಂಬೆ ಕೂರಿಸುವ ಮನೆಯ ಮಕ್ಕಳಿಗೆ ಪುಟ್ಟ ಉದ್ಯಾನ ಮಾಡಲು ಒಂದು ಹಿಡಿ ಪಾಚಿ, ನಾಲ್ಕು ಗೇಣುದ್ದದ ಗಿಡ ಬೇಕು. ನವೆಂಬರ್ 2ರಂದು ಕ್ರೈಸ್ತರು ಮೃತರನ್ನು ನೆನೆಯುವ ದಿನ. ಹೊಸೂರು ರಸ್ತೆಯ ಸಮಾಧಿಗಳಿಗೆ ಸೇವಂತಿಗೆ ಹೋಗುತ್ತದೆ. ಕಾರ್ತಿಕ ಶುದ್ಧ ದ್ವಾದಶಿಗೆ ತುಲಸಿಯ ಮದುವೆ. ಮಳೆಗೆ ಕೊಳೆತು ಬೃಂದಾವನ ಬರಿದಾದವರೆಲ್ಲ ತುಲಸಿಯ ಸಸಿಗೂ, ಕಾಯಿ ಬಿಟ್ಟ ನೆಲ್ಲಿಯ ಕೊಂಬೆಗೂ ಬಂದು ನಿಲ್ಲುತ್ತಾರೆ. ನೆಲ್ಲಿಯ ಕೊಂಬೆಗೆ ಬೆಲೆ ಹೇಳುವುದಕ್ಕೆ ಹಿಂಜರಿದು, ಕೊಟ್ಟಷ್ಟನ್ನು ತೆಗೆದುಕೊಳ್ಳುವ ತೋಟದವರನ್ನು ನಾನು ಕಂಡಿದ್ದೇನೆ.

1980ರ ದಶಕದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಸಿದ್ದಾಪುರದ ಒಂದು ತೋಟಕ್ಕೆ ಗುಲಾಬಿ ಕೊಳ್ಳಲು ಹೋಗಿದ್ದೆ. ತೋಟದ ಯಜಮಾನರು ವಯಸ್ಸಾದವರು. ಗಿಡ ತೋರಿಸುವ ಮೊದಲು ಮನೆ ಯಾವ ದಿಕ್ಕಿಗಿದೆ, ಮುಂದೆ ಏನಿದೆ ಎಂದೆಲ್ಲ ಕೇಳಿದರು. ಬಾಗಿಲಿಗೆ ಹೊಂಗೆಯ ಮರವಿದೆಯೆಂದೆ. "ಹಂಗಾದ್ರೆ ಗುಲಾಬಿ ಕೊಡಾಕಿಲ್ಲ ಮೇಷ್ಟ್ರೇ. ನೆರಳಲ್ಲಿ ಅದು ಹೂ ಬಿಡಲ್ಲ, ನೀವು ನನ್ನ ಗಿಡ ಸರಿಯಿಲ್ಲ ಅಂತೀರಿ. ಕನಕಾಂಬರ ತಗೊಂಡೋಗಿ, ಅಮ್ಮಾವ್ರು ಮುಡ್ಕೊಂತಾರೆ" ಎಂದರು. ಗುಲಾಬಿಯ ಬೆಲೆ ಕನಕಾಂಬರದ ಐದರಷ್ಟಿತ್ತು. ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟವೇ; ಗಿಡ ಹೋದ ಮನೆಯಲ್ಲಿ ತನ್ನ ಹೆಸರೂ ಇರುತ್ತದೆಂಬ ಲೆಕ್ಕ ಅವರದು.

ಸರ್ಕಾರದ ಕಡೆಯಿಂದಲೂ ಈ ವೃತ್ತಿಗೆ ಬಲ ಬಂತು. ಹಾರ್ವರ್ಡಿನಲ್ಲಿ ಓದಿ ಬಂದ ಮರಿಗೌಡರ ಕಾಲದಲ್ಲಿ ತೋಟಗಾರಿಕೆ 1963ರಲ್ಲಿ ಪ್ರತ್ಯೇಕ ಇಲಾಖೆಯಾಯಿತು, ರಾಜ್ಯದ ಉದ್ದಗಲಕ್ಕೂ ಮುನ್ನೂರಕ್ಕೆ ಮಿಕ್ಕಿ ತೋಟಗಳೂ ಸಸಿತೋಟಗಳೂ ಎದ್ದವು. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆದದ್ದು ಎಲ್ಲರಿಗೂ ತಿಳಿದ ವಿಷಯ. ಗಿಡ ಬೆಳೆಸುವವರ ಸಹಕಾರ ಸಂಘವೂ ಲಾಲ್‌ಬಾಗಿನ ಆಶ್ರಯದಲ್ಲಿ ಬೆಳೆಯಿತು. ಆದರೆ ನೆಲದ ಬೆಲೆಯೆಂಬುದು ಯಾವ ಸಂಘದ ಮಾತನ್ನೂ ಕೇಳುವಂಥದಲ್ಲ. ಒಂದು ಎಕರೆಯಲ್ಲಿ ಮೂರು ತಲೆಮಾರು ಗಿಡ ಬೆಳೆಸಿ ಗಳಿಸಲಾರದ ಹಣ ಆ ಎಕರೆಯನ್ನು ಮಾರಿದರೆ ಒಂದೇ ದಿನದಲ್ಲಿ ಕೈಗೆ ಬರುವಂತಾದಾಗ, ಅಣ್ಣತಮ್ಮಂದಿರ ಪಾಲಿನಲ್ಲಿ ಮೊದಲು ಮಾಯವಾಗುವುದು ಒಟ್ಟಲು ಮಡಿಯೇ. ಮಾರಿದವರನ್ನು ದೂರುವ ಅಧಿಕಾರ, ಆ ನೆಲದ ಮೇಲೆ ಕಟ್ಟಿದ ಮನೆಗಳಲ್ಲಿ ವಾಸವಾಗಿರುವ ನಮಗಂತೂ ಇಲ್ಲ. ಈಗ ನಗರದ ಸಸಿತೋಟಗಳಿಗೆ ಬೆಳೆದ ಗಿಡಗಳೇ ಆಂಧ್ರದ ಕಡಿಯಂ ಮುಂತಾದ ಕಡೆಗಳಿಂದ ಲಾರಿಯಲ್ಲಿ ಬಂದಿಳಿಯುತ್ತವೆ. ಕಡಿಯದವರೂ ನಿಪುಣರೇ, ಆದರೆ ಗೋದಾವರಿಯ ಬಯಲಿನಲ್ಲಿ ಹುಟ್ಟಿದ ಗಿಡಕ್ಕೆ ಚಿತ್ತೆಯ ಕೆಸರಿನ ಪರಿಚಯವಿಲ್ಲ, ಅದನ್ನು ಮಾರುವ ಹುಡುಗನಿಗೆ ಬಿತ್ತನೆಯ ಪರಿಚಯವಿಲ್ಲ. ಮಾರುವುದಕ್ಕೂ ಬೆಳೆಸುವುದಕ್ಕೂ ನಡುವೆ ಬಿದ್ದ ಈ ಅಂತರವೇ ನನಗೆ ನೆಲದ ನಷ್ಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಲೆಯನ್ನು ಹಿಡಿ, ಕಾಂಡವನ್ನು ಮುಟ್ಟಬೇಡ ಎಂಬ ಮಾತು ತಾಯಿಯಿಂದ ಮಗಳಿಗೆ ಹೋಗುವುದು ಬೀಜ ಬಿತ್ತುವ ಅಂಗಳವಿದ್ದಾಗ ಮಾತ್ರ.

ಉಳಿದುಕೊಂಡ ಕೆಲವು ಅಂಗಳಗಳಲ್ಲಿ ಆ ಕೆಲಸ ನಿಂತಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುವ ಹೊತ್ತಿಗೆ ವಿಶಾಖೆಯ ಮಳೆಯೂ ಮುಗಿದಿರುತ್ತದೆ, ಸಸಿಗಳು ಕುಂಡ ಸೇರಿರುತ್ತವೆ. ಆಗ ತುದಿಯಲ್ಲಿ ಮೊದಲ ಮೊಗ್ಗು ಕಾಣಿಸಿಕೊಳ್ಳುತ್ತದೆ. ಗಿರಾಕಿಗಳು ಅದನ್ನು ನೋಡಿ ಆಸೆಪಟ್ಟು ಕುಂಡಕ್ಕೆ ಕೈಹಾಕುವಷ್ಟರಲ್ಲಿ ತೋಟದಾಕೆ ಬಂದು ಆ ಮೊಗ್ಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿಹಾಕುತ್ತಾಳೆ. ತುದಿ ಹೋದರೆ ಪಕ್ಕದಿಂದ ನಾಲ್ಕಾರು ಕವಲೊಡೆದು ಗಿಡ ಪೊದೆಯಾಗುತ್ತದೆ. ಪರಿಷೆಯಿಂದ ತಂದ ಕಡಲೆಕಾಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಒಂದೊಂದೇ ಸಾಲನ್ನು ಹೀಗೆ ಚಿವುಟುತ್ತ ಹೋಗುವುದಕ್ಕೆ ಅವರಿಗೆ ಮೂರು ನಾಲ್ಕು ದಿನ ಹಿಡಿಯುತ್ತದೆ.